ಭಾರ ಬೇಡುವ ದೋಣಿ

ಟೈರ್ ಅಂಗಡಿಯವನಿಗೆ ದೋಣಿ ಕ್ಲಬ್ಬಿನವರು ಇಟ್ಟ ಹೆಸರು ತಕ್ಕಡಿ. ಬೆನ್ನ ಹಿಂದೆ ಅಲ್ಲ, ಎದುರಿಗೇ ಹಾಗೆ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಅಂಗಡಿಯಲ್ಲಿ ದಿನವಿಡೀ ಅವನು ಮಾಡುತ್ತಿದ್ದ ಕೆಲಸವೂ ಅದೇ. ಚಕ್ರವನ್ನು ಯಂತ್ರಕ್ಕೆ ಕೂರಿಸಿ ತಿರುಗಿಸಬೇಕು, ಯಾವ ಕಡೆ ಹಗುರವೋ ಆ ಕಡೆ ರಿಮ್ಮಿಗೆ ಸೀಸದ ಚೂರು ಬಡಿಯಬೇಕು. ಬಿಡುವು ಸಿಕ್ಕಾಗ ಹಿನ್ನೀರಿಗೆ ಹೋದರೆ ಅಲ್ಲಿಯೂ ಆ ಚಾಳಿ ಬಿಡುತ್ತಿರಲಿಲ್ಲ. ಪಂದ್ಯದ ಹಾಯಿದೋಣಿಯಲ್ಲವೇ, ಕಾಲು ಕಿಲೋಗೂ ಲೆಕ್ಕ. ಒದ್ದೆ ಹಗ್ಗವನ್ನು ಒಣಗಿಸದೆ ಹತ್ತಿಸುತ್ತಿರಲಿಲ್ಲ. ಬೋಲ್ಟು ಒಂದಿಷ್ಟು ಉದ್ದವಿದ್ದರೆ ತುದಿ ಕತ್ತರಿಸಿ ಎಸೆಯುತ್ತಿದ್ದ. ಜೇಬಿನಲ್ಲಿದ್ದ ಚಿಲ್ಲರೆಯನ್ನೂ ದಡದಲ್ಲೇ ಬಿಟ್ಟು ಹತ್ತುತ್ತಿದ್ದ. ಇಷ್ಟೇ ಆಗಿದ್ದರೆ ನಕ್ಕು ಮರೆಯುವ ಮಾತಾಗುತ್ತಿತ್ತು. ಆದರೆ ಆ ದೋಣಿಯ ಮುಂದಿನ ಜಾಗದಲ್ಲಿ ಇರುತ್ತಿದ್ದವಳು ಅವನ ಮಗಳು.

ಅದು ಇಬ್ಬರು ನಡೆಸುವ ಹಗುರ ದೋಣಿ. ಹಿಂದೆ ಚುಕ್ಕಾಣಿ ಹಿಡಿದ ಅಪ್ಪ, ಮುಂದೆ ಸೊಂಟದ ಪಟ್ಟಿಗೆ ಹಾಯಿಕಂಬದ ತಂತಿ ಸಿಕ್ಕಿಸಿಕೊಂಡು ನೀರಿನ ಮೇಲೆ ಹೊರಕ್ಕೆ ಬಾಗಿ ನಿಲ್ಲುವ ಮಗಳು. ಇಬ್ಬರ ಭಾರ ಸೇರಿ ಮಿತಿ ದಾಟಿದರೆ ದೋಣಿ ಮುಗ್ಗರಿಸುತ್ತದೆ. ಅಪ್ಪನದೋ ಚೆನ್ನಾಗಿ ಉಂಡು ಬೆಳೆದ ಮೈ, ಬಡಿಸಿದ್ದಕ್ಕೆ ಬೇಡ ಎಂದವನಲ್ಲ. ತನ್ನ ಹೊಟ್ಟೆ ಕಟ್ಟಲಾಗದೆ ಮಗಳ ಹೊಟ್ಟೆ ಕಟ್ಟಿದ. ಪಂದ್ಯದ ಹಿಂದಿನ ಸಂಜೆ ಹಾಯಿ, ಚುಕ್ಕಾಣಿ, ಹಗ್ಗದ ಚೀಲ ಎಲ್ಲವನ್ನೂ ತೂಗಿ, ಅದೇ ಸಾಲಿನಲ್ಲಿ ಅವಳನ್ನೂ ನಿಲ್ಲಿಸಿ ತೂಗುತ್ತಿದ್ದ. ಬೈಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಮುಳ್ಳು ನೋಡಿ "ಪರವಾಗಿಲ್ಲ" ಎನ್ನುತ್ತಿದ್ದ, ಇಲ್ಲವಾದರೆ ಸುಮ್ಮನಿರುತ್ತಿದ್ದ. ಆ ಸುಮ್ಮನಿರುವಿಕೆಗೆ ಹೆದರಿಯೇ ಹುಡುಗಿ ತಟ್ಟೆ ದೂಡುವುದನ್ನು ಕಲಿತಳು. ಕಪ್ಪುಗಳು ಬಂದವು, ಶೋಕೇಸು ತುಂಬಿತು, ನೆಂಟರೆಲ್ಲ ಬಾಯಿತುಂಬ ಹೊಗಳಿದರು. ಒಂದು ಪಂದ್ಯದ ಬೆಳಿಗ್ಗೆ ದೋಣಿ ಹತ್ತಲು ಕಾಲೆತ್ತಿದವಳು ಕಣ್ಣು ಕತ್ತಲಿಟ್ಟು ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಈ ಹುಡುಗಿಗೆ ಊಟ ಅಂದ್ರೇನೇ ಭಯ ಕೂತುಬಿಟ್ಟಿದೆ" ಎಂದಾಗ ಅವನ ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಆ ನೋಟವನ್ನು ಅವನು ಇವತ್ತಿಗೂ ಮರೆತಿಲ್ಲ.

ವಾಸಿಯಾದ ಮೇಲೆ ಮಗಳು ಮನೆಗೆ ಬರಲಿಲ್ಲ. ಅದೇ ಊರಿನ ಆಚೆ ತುದಿಯಲ್ಲಿ ಗೆಳತಿಯ ಜೊತೆ ಒಂದು ಕೋಣೆ ಹಿಡಿದಳು, ಗಿಡಗಳ ನರ್ಸರಿಯಲ್ಲಿ ಕೆಲಸಕ್ಕೆ ಸೇರಿದಳು. ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ, ಅಪ್ಪನ ಫೋನು ಎತ್ತುವುದಿಲ್ಲ. ಹೀಗೇ ವರ್ಷ ದಾಟಿತು. ಅವನಿಗೆ ಬೇಕಾಗಿದ್ದುದು ಒಂದೇ, ಮಗಳು ಮನೆಯ ಹೊಸ್ತಿಲು ತುಳಿಯಬೇಕು. ಅದಕ್ಕೆ ಎರಡು ಮಾತು ಸಾಕಿತ್ತೇನೋ. ಆದರೆ ತಪ್ಪಾಯಿತು ಎನ್ನುವುದು ಆ ಮನುಷ್ಯನ ನಾಲಿಗೆಗೆ ಹೊರಳುವ ಮಾತಲ್ಲ. ಹಾಗಾಗಿ ಅವನು ಮಾತು ಹುಡುಕುವ ಬದಲು ದೋಣಿ ಹುಡುಕಿದ.

ದೋಣಿ ಸಿಕ್ಕಿದ್ದು ನಿವೃತ್ತ ಮೇಷ್ಟ್ರೊಬ್ಬರ ಗ್ಯಾರೇಜಿನಲ್ಲಿ. ಹೆಂಡತಿಯ ತಮ್ಮನನ್ನು ಜೊತೆಗೆ ಕರೆದುಕೊಂಡು ನೋಡಲು ಹೋದ. ಟಾರ್ಪಾಲು ಎಳೆದರೆ ಧೂಳಿನ ಜೊತೆ ಇಲಿಯ ವಾಸನೆಯೂ ಎದ್ದಿತು. ಉದ್ದನೆಯ ದೋಣಿ, ಚಪ್ಪಟೆ ಮೂತಿ, ಬಿಸಿಲಿಗೆ ಮಾಸಿದ ಬಣ್ಣ. ಅವನು ನೆಲದ ಮೇಲೆ ಅಂಗಾತ ಮಲಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ದೋಣಿಯ ಹೊಟ್ಟೆಯನ್ನು ಮೂತಿಯಿಂದ ಬಾಲದವರೆಗೆ ಕುಟ್ಟುತ್ತಾ ಹೋದ. ಒಳಪದರ ಬಿಟ್ಟುಕೊಂಡಿದ್ದರೆ ಅಲ್ಲಿ ಸದ್ದು ಬೊದಬೊದ ಎನ್ನುತ್ತದೆ.

"ಭಾವ, ದೋಣಿ ತಗೊಳೋಕೆ ಬಂದ್ರೋ ಕಲ್ಲಂಗಡಿ ತಗೊಳೋಕೋ?" ಎಂದ ಬಾಮೈದ.

"ಬಾಯ್ಮುಚ್ಕೊಂಡು ಟಾರ್ಚ್ ಹಿಡಿ."

ಎಲ್ಲ ಕಡೆಯೂ ಗಟ್ಟಿ ಸದ್ದು. ಹಾಯಿಯ ಹೊಲಿಗೆ ಎರಡು ಕಡೆ ಬಿಟ್ಟಿತ್ತು, ಒಂದು ತಂತಿ ತುಕ್ಕು ಹಿಡಿದಿತ್ತು, ಅಷ್ಟೇ. ಮೇಷ್ಟ್ರು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಭಾರಿ ಆಳು. ಒಳಗಿನಿಂದ ಚಹಾ ತಂದ ಅವರ ಹೆಂಡತಿ ಗಂಡನಿಗೆ ತಕ್ಕ ಜೋಡಿ, ಮಂಡಿ ನೋವಿಗೆ ಕೋಲು ಹಿಡಿದಿದ್ದರು.

"ಇದರ ಹಾಯಿ ದೊಡ್ಡದು ನೋಡಿ" ಎಂದರು ಮೇಷ್ಟ್ರು. "ಸಣಕಲರು ಹತ್ತಿದ್ರೆ ಗಾಳಿ ಎತ್ತಿ ಬಿಸಾಕುತ್ತೆ. ಮುಂದೆ ನಿಲ್ಲೋರಿಗೆ ಮೈ ಇರ್ಬೇಕು."

"ಕ್ಲಬ್ಬಲ್ಲಿ ನಮ್ಮನ್ನ ಎರಡು ಮೂಟೆ ಅಂತಿದ್ರು" ಎಂದು ಅವರ ಹೆಂಡತಿ ನಕ್ಕರು. "ಗಾಳಿ ಜೋರಾದ ದಿನ ಮಾತ್ರ ಯಾರೂ ನಗ್ತಿರ್ಲಿಲ್ಲ."

ಮೈ ಇರ್ಬೇಕು. ಕ್ಲಬ್ಬಿನಲ್ಲಿ ಆ ಒಂದು ಮಾತು ಕೇಳಿಯೇ ತಕ್ಕಡಿ ಇಲ್ಲಿಯವರೆಗೆ ಬಂದಿದ್ದ. ಈ ದೋಣಿಗೆ ಮಗಳು ತೆಳ್ಳಗಿರಬೇಕಾಗಿಲ್ಲ. ಉಂಡಷ್ಟೂ ಒಳ್ಳೆಯದೇ. ಇದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರೆ ತಾನು ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ, ದೋಣಿಯೇ ಹೇಳುತ್ತದೆ ಎಂದುಕೊಂಡಿದ್ದ. ಪಾಪ, ಅದರಲ್ಲಿ ಕಪಟವಿರಲಿಲ್ಲ. ಎಷ್ಟೋ ದಿನದ ಮೇಲೆ ಅವನ ಎದೆ ಹಗುರವಾಗಿತ್ತು.

"ಮುಂದೆ ನಿಲ್ಲೋದು ಯಾರು?" ಎಂದು ಆ ಹೆಂಗಸು ಕೇಳಿದರು.

"ನನ್ನ ಮಗಳು."

"ನೋಡೋಕೆ ಅವಳ್ಯಾಕೆ ಬರ್ಲಿಲ್ಲ?"

"ಇನ್ನೂ ಹೇಳಿಲ್ಲ ಅಕ್ಕ. ತಗೊಂಡಮೇಲೆ ತೋರಿಸೋಣ ಅಂತ."

ಅವರು ಖಾಲಿ ಲೋಟಗಳನ್ನು ತಟ್ಟೆಗೆ ಎತ್ತಿಟ್ಟುಕೊಂಡರು. "ಇದನ್ನ ತರೋಕೆ ಮುಂಚೆ ಇವರು ನನ್ನ ಬೆನ್ನು ಬಿದ್ದು ಕೇಳಿದ್ರಪ್ಪ, ನಿಂಗೆ ಮನಸ್ಸಿದೆಯಾ, ನಿಂಗೆ ಮನಸ್ಸಿದೆಯಾ ಅಂತ. ಕೊನೆಗೆ ತಲೆ ಚಿಟ್ಟು ಹಿಡಿದು ಹೂಂ ಅಂದೆ."

ಟೈರ್ ಅಂಗಡಿಯವನು ಹಲ್ಲು ಕಿರಿದ. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಚೌಕಾಸಿಯನ್ನೂ ಮಾಡದೆ ಮಾತು ಮುಗಿಸಿದ. ಒಂದು ಟ್ಯೂಬಿಗೂ ಜಗ್ಗಾಡುವ ಭಾವ ಹೀಗೆ ಮಾಡಿದ್ದು ಕಂಡು ಬಾಮೈದ ದಾರಿಯುದ್ದಕ್ಕೂ ಗರಬಡಿದವನಂತೆ ಕೂತಿದ್ದ.

ಟ್ರೇಲರು ಅಂಗಳಕ್ಕೆ ಬಂದಾಗ ಹೆಂಡತಿ ಒಗೆದ ಬಟ್ಟೆ ಹರವುತ್ತಿದ್ದಳು. ದೋಣಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಬಕೆಟ್ಟಿಗೆ ಬಗ್ಗಿದಳು.

"ಅವಳು ದೋಣಿ ಬೇಕು ಅಂತ ಯಾರ ಹತ್ರ ಹೇಳಿದ್ಲು?"

"ಇದು ಬೇರೆ ಥರ ಕಣೇ. ಇದಕ್ಕೆ ಭಾರ ಬೇಕು. ಅವಳು ದಪ್ಪ ಆದಷ್ಟೂ ನಮಗೆ ಲಾಭ. ಗೊತ್ತಾಯ್ತಾ ನಾನು ಹೇಳ್ತಿರೋದು?"

"ಗೊತ್ತಾಯ್ತು" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಿಮಗೇ ಗೊತ್ತಾಗ್ಲಿಲ್ಲ, ಬಿಡಿ."

ಅವನು ಬಿಡಲಿಲ್ಲ. ಒಂದು ಸಲ ಬಂದು ನೋಡಿ ಹೋಗಲಿ, ಇಷ್ಟವಾಗದಿದ್ದರೆ ಮಾರಿಬಿಡೋಣ ಎಂದು ದುಂಬಾಲು ಬಿದ್ದ. ಕೊನೆಗೆ ಅವಳೇ ಮಗಳಿಗೆ ಫೋನು ಮಾಡಿದಳು. ಗಂಡನ ಮೇಲಿನ ಕರುಣೆಯಿಂದಲ್ಲ. ಮಗಳಿಗೆ ತನ್ನ ಕೈಯಾರೆ ಒಂದು ತುತ್ತು ಬಡಿಸಬೇಕೆಂಬ ಆಸೆ ಆ ತಾಯಿಯನ್ನು ಒಳಗೊಳಗೇ ತಿನ್ನುತ್ತಿತ್ತು.

ಭಾನುವಾರ ಅವನು ಹೊಲಿಗೆ ಹಾಕಿಸಿದ ಹಾಯಿಯನ್ನು ಕಂಬಕ್ಕೆ ಏರಿಸಿ, ಹೊಸ ತಂತಿ ಬಿಗಿದು, ಅಂಗಳದಲ್ಲೇ ಕಾದ. ಮಧ್ಯಾಹ್ನದ ಹೊತ್ತಿಗೆ ಮಗಳು ಗೇಟು ತೆಗೆದು ಒಳಗೆ ಬಂದಳು. ಕೆನ್ನೆ ತುಸು ತುಂಬಿತ್ತು. ತೋಳು ಮುಂಚಿನಂತೆ ಕಡ್ಡಿಯಾಗಿರಲಿಲ್ಲ, ನಡಿಗೆಯಲ್ಲಿ ಕಸುವಿತ್ತು. ಅವನಿಗೆ ಓಡಿ ಹೋಗಿ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಆದರೆ ಕೈಯಲ್ಲಿದ್ದ ಹಗ್ಗವನ್ನು ಸುತ್ತುತ್ತಾ ನಿಂತುಬಿಟ್ಟ.

"ಬಂದ್ಯಾ" ಎಂದ.

"ಹೂಂ ಅಪ್ಪ."

ಅವಳು ದೋಣಿಯನ್ನು ಒಂದು ಸುತ್ತು ಹಾಕಿದಳು. ನೀರಿನ ಮೇಲೆ ಬೆಳೆದ ಹುಡುಗಿ, ಕೈ ಸುಮ್ಮನಿದ್ದೀತೇ? ತಂತಿಯನ್ನು ಎಳೆದು ನೋಡಿದಳು, ಅಂಚನ್ನು ಸವರಿದಳು, ಚುಕ್ಕಾಣಿ ಸಡಿಲವಿದೆಯೇ ಎಂದು ಅಲ್ಲಾಡಿಸಿದಳು. "ಚೆನ್ನಾಗಿದೆ" ಎಂದಳು. ಆ ಮಾತು ಮನಸ್ಸಿನಿಂದಲೇ ಬಂದಿತ್ತು. ಅಪ್ಪನಿಗೆ ಅಷ್ಟೇ ಸಾಕಾಯಿತು. ಕಟ್ಟಿಟ್ಟಿದ್ದ ಮಾತೆಲ್ಲ ಒಮ್ಮೆಗೇ ಹೊರಬಿತ್ತು.

"ಇದರಲ್ಲಿ ಮೊದಲಿನ ಥರ ಇಲ್ಲಮ್ಮ. ಹಾಯಿ ನೋಡು, ಎಷ್ಟು ದೊಡ್ಡದು. ತೆಳ್ಳಗಿರೋರಿಗೆ ಇದು ಬಗ್ಗೋದೇ ಇಲ್ಲ. ಇನ್ಮೇಲೆ ನೀನು ಹೊಟ್ಟೆ ತುಂಬ ತಿನ್ಬಹುದು. ಯಾರೂ ಏನೂ ಅನ್ನಲ್ಲ. ಅದಕ್ಕೇ ತಂದೆ ಇದನ್ನ."

ಅವಳು ಇನ್ನೂ ಏನೋ ಬರುತ್ತದೆ ಎನ್ನುವಂತೆ ಕಾದಳು. ಅವನಿಗೆ ಹೇಳಲು ಬೇರೇನೂ ಉಳಿದಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿಯಾಯಿತು ಎಂದೇ ಅವನು ನಂಬಿದ್ದ.

"ಇದಕ್ಕೆ ನಾನೆಷ್ಟಿರ್ಬೇಕು ಅಪ್ಪ?" ಎಂದು ಕೇಳಿದಳು.

ಒಪ್ಪಿದಳು, ಎಂದುಕೊಂಡ. ಖುಷಿಗೆ ಹಿಂದೆಮುಂದೆ ನೋಡಲಿಲ್ಲ. "ಅರವತ್ತೆರಡು. ಈಗಿರೋದಕ್ಕಿಂತ ಎಂಟು ಜಾಸ್ತಿ ಆದ್ರೆ ಸಾಕು."

"ಈಗ ಎಷ್ಟಿದ್ದೀನಿ ಅಂತ ನಿಂಗ್ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಗೇಟಿನಿಂದ ಅಂಗಳಕ್ಕೆ ಬರುವಷ್ಟರಲ್ಲಿ ಅವಳನ್ನು ಕಣ್ಣಲ್ಲೇ ತೂಗಿದ್ದ. ತೂಗಿದ್ದು ಅವನಿಗೇ ಗೊತ್ತಿರಲಿಲ್ಲ.

"ಐವತ್ತನಾಲ್ಕು. ಸರಿಯಾಗೇ ಹೇಳ್ದೆ" ಎಂದಳು. ದನಿ ಏರಲಿಲ್ಲ. "ಅಮ್ಮನ್ನ ನೋಡ್ಕೊಂಡು ಹೊರಡ್ತೀನಿ" ಎಂದು ಮನೆಯ ಕಡೆ ತಿರುಗಿದಳು.

ಆಗ ಅವನಿಗೆ ಅವಳ ಬೆನ್ನು ಕಂಡಿತು. ಸೊಂಟದವರೆಗೆ ಇಳಿಯುತ್ತಿದ್ದ ಕೂದಲನ್ನು ಮಗಳು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದಳು. ಎದುರಾಬದುರು ನಿಂತು ಅಷ್ಟು ಮಾತಾಡಿದ್ದ, ಅದನ್ನು ನೋಡಿರಲಿಲ್ಲ. ವರ್ಷದ ಮೇಲೆ ಬಂದ ಮಗಳಲ್ಲಿ ಅವನ ಕಣ್ಣು ಹುಡುಕಿದ್ದು ಕೆನ್ನೆ, ತೋಳು, ಸೊಂಟ. ತನ್ನ ಮೇಲೆಯೇ ಅವನಿಗೆ ಅಸಹ್ಯವಾಯಿತು. ದೋಣಿ ಬದಲಾಯಿಸಬಹುದು, ಈ ಕಣ್ಣನ್ನು ಯಾರ ಹತ್ತಿರ ಕೊಟ್ಟು ಬದಲಾಯಿಸಿಕೊಳ್ಳುವುದು?

ತಪ್ಪಾಯಿತು ಎಂದು ಹೇಳಿಬಿಡಬೇಕು, ಇವತ್ತು ಬಿಟ್ಟರೆ ಇನ್ನಿಲ್ಲ ಎಂದು ಮೆಟ್ಟಿಲು ಹತ್ತಿ ಅಡುಗೆಮನೆಯ ಬಾಗಿಲವರೆಗೆ ಹೋದ. ಒಳಗೆ ಹೆಂಡತಿ ಬಡಿಸುತ್ತಿದ್ದಳು. ಮಗಳು ನೆಲದ ಮೇಲೆ ಕಾಲು ಮಡಿಚಿ ಕೂತು, ಚಿಕ್ಕವಳಿದ್ದಾಗ ಉಣ್ಣುತ್ತಿದ್ದ ಹಾಗೆ, ತಲೆ ಬಗ್ಗಿಸಿ ದೊಡ್ಡ ದೊಡ್ಡ ತುತ್ತು ಉಣ್ಣುತ್ತಿದ್ದಳು. ಬಾಗಿಲಲ್ಲಿ ಅವನ ನೆರಳು ಬಿದ್ದದ್ದೇ ತಡ, ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ತಟ್ಟೆಯ ಅಂಚನ್ನು ಇನ್ನೊಂದು ಕೈ ಮೆಲ್ಲನೆ ಆಚೆ ದೂಡಿತು.

ಹೆಂಡತಿ ತಲೆ ಎತ್ತಿ ಅವನನ್ನು ನೋಡಿದಳು.

ಅವನು ಸದ್ದಾಗದಂತೆ ಹಿಂದೆ ಸರಿದ. ಮೆಟ್ಟಿಲಿಳಿದು, ಅಂಗಳದ ಆಚೆ, ಅಡುಗೆಮನೆಯ ಕಿಟಕಿಗೆ ಕಾಣದ ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕುಳಿತ. ಮಗಳು ಊಟ ಮುಗಿಸಿ, ಕೈ ತೊಳೆದು, ಗೇಟು ದಾಟಿ ಹೋಗುವವರೆಗೂ ಅಲ್ಲಿಂದ ಏಳಲಿಲ್ಲ.