ಕೆಂಪಸಿದ್ದಯ್ಯನ ‘ಲಾ’

ಕೆಂಪಸಿದ್ದಯ್ಯನ ಬಾಯಿಂದ ‘ಲಾ’ ಇಲ್ಲದ ವಾಕ್ಯ ಹೊರಟಿದ್ದನ್ನು ಮಳವಳ್ಳಿ ಸೀಮೆಯಲ್ಲಿ ಕೇಳಿದವರಿರಲಿಲ್ಲ. ಎತ್ತಿಗೂ ಅದೇ, ಬೀಗರಿಗೂ ಅದೇ. ಮುತ್ತತ್ತಿಯ ಆಂಜನೇಯನ ಮುಂದೆ ಕೈಮುಗಿದು ನಿಂತಾಗಲೂ ‘ಕಾಪಾಡ್ಲಾ ನಮ್ಮಪ್ಪ!’ ಎಂದೇ ಪ್ರಾರ್ಥನೆ. ಮಂಡಿಯವರೆಗೆ ಜೋಲುವ ಖಾಕಿ ಕೋಟು, ಅದರ ಜೇಬಿನಲ್ಲಿ ಸದಾ ಒಂದು ಹಿಡಿ ಹುರಿಗಡಲೆ, ಬಲಗಾಲನ್ನು ತುಸು ಎಳೆದು ಹಾಕುವ ನಡಿಗೆ, ಇಷ್ಟು ವೈಭವದೊಡನೆ ಆತ ಹದಿನೆಂಟು ವರ್ಷ ಆಸ್ಪತ್ರೆಯೊಂದರ ಮನೋರೋಗ ವಾರ್ಡಿನಲ್ಲಿ ಅಟೆಂಡರಾಗಿದ್ದ.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಆ ವಾರ್ಡಿಗೆ ಡಾಕ್ಟರ್ ತಿರುನಾರಾಯಣ ಬಂದರು. ಮಹಾ ಸಜ್ಜನ, ವಾರ್ಡು ಶಾಂತಿಧಾಮವಾಗಬೇಕೆಂಬುದೇ ಅವರ ಹಂಬಲ. ಊಟದ ಗಂಟೆ ನಿಲ್ಲಿಸಿದರು, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಹಾಕಿಸಿದರು, ಕಿಟಕಿಗಳಿಗೆ ಹಸಿರು ಪರದೆ ಕಟ್ಟಿಸಿದರು. ಅಷ್ಟಕ್ಕೇ ಸುಮ್ಮನಾಗಿದ್ದರೆ ಪುಣ್ಯ ಬರುತ್ತಿತ್ತು! ರೋಗಿಗಳ ಸಕಲ ಉದ್ವೇಗಕ್ಕೂ ಏಕವಚನವೇ ಮೂಲವೆಂದು ನಿಶ್ಚಯಿಸಿ, ಇನ್ನು ಮುಂದೆ ಎಲ್ಲರನ್ನೂ ‘ತಾವು’ ಎನ್ನತಕ್ಕದ್ದು, ತಪ್ಪಿದವರಿಗೆ ಕೆಲಸವಿಲ್ಲ ಎಂದು ಆಜ್ಞೆ ಹೊರಡಿಸಿದರು.

ಮರುದಿನ ಮಧ್ಯಾಹ್ನ ಕೆಂಪಸಿದ್ದಯ್ಯ ಮುದ್ದೆಯ ತಟ್ಟೆ ಹಿಡಿದು ನಿಂಗಯ್ಯನ ಮುಂದೆ ನಿಂತ. ಈ ನಿಂಗಯ್ಯ ಕೊಕ್ಕರೆ ಬೆಳ್ಳೂರಿನವನು. ಮರದ ಮೇಲಿನ ಹಕ್ಕಿಗಳು ತನ್ನ ಮೇಲೆ ಚಾಡಿ ಹೇಳುತ್ತವೆಂದು ಹೆದರಿ ವಾರ್ಡು ಸೇರಿದ್ದ ಬಡಪಾಯಿ.

“ಸ್ವಾಮಿ, ತಾವು ದಯಮಾಡಿ ಊಟ ಸ್ವೀಕರಿಸ್ಬೇಕು,” ಎಂದ ಕೆಂಪಸಿದ್ದಯ್ಯ, ಬೆವರುತ್ತ.

ನಿಂಗಯ್ಯ ಹಿಂದೆ ತಿರುಗಿ ನೋಡಿದ. ಗೋಡೆ ಬಿಟ್ಟರೆ ಯಾರೂ ಇಲ್ಲ. “ಯಾರ್ಗ್ಲಾ ಯೋಳ್ತಿದ್ದೀಯ?”

“ತಮಗೇ.”

“ಯಪ್ಪೋ! ಮರ್ವಾದೆ ಕೊಟ್ರು ಅಂದ್ರೆ ಕರೆಂಟು ಕೊಡಾಕೇ ಕಣ್ರಲಾ!”

ತಲೆಗೆ ಕೊಡುವ ಕರೆಂಟಿನ ಚಿಕಿತ್ಸೆಯೆಂದರೆ ಅಲ್ಲಿ ಯಮನ ಇನ್ನೊಂದು ಹೆಸರು. ಕ್ಷಣಾರ್ಧದಲ್ಲಿ ಹನ್ನೆರಡು ಮಂದಿ ಕಂಬಳಿ ಹೊದ್ದು ಗುಬುರು ಹಾಕಿಕೊಂಡರು. ನಿಂಗಯ್ಯ ಮಂಚದಡಿ ಸೇರಿದ. ಸಂಜೆಗೆ ಉಳಿದವರೆಲ್ಲ ಹಸಿವು ತಾಳದೆ ಎದ್ದರು, ಅವನು ಏಳಲಿಲ್ಲ. ಮೂರನೆಯ ದಿನ ನೀರನ್ನೂ ಒಲ್ಲೆನೆಂದ. ಡಾಕ್ಟರೇ ನೆಲದ ಮೇಲೆ ಕುಳಿತು “ನಿಂಗಯ್ಯನವರೇ...” ಎಂದು ಬೆಣ್ಣೆಯಂತೆ ಕರೆದರೆ, ಅವನ ನಡುಕಕ್ಕೆ ಮಂಚವೇ ಗಡಗಡ ಅಲುಗಿತು. ಹೀಗೇ ಬಿಟ್ಟರೆ ಜೀವ ಉಳಿಯದೆಂದು ಅವರ ಮುಖವೂ ಕಪ್ಪಿಟ್ಟಿತು.

ಮನೆಯಲ್ಲಿ ಐದು ಮಕ್ಕಳಿದ್ದ ಕೆಂಪಸಿದ್ದಯ್ಯ ಆಗ ಕೋಟು ಬಿಚ್ಚಿ ಡಾಕ್ಟರ ಕೈಗಿಟ್ಟ. “ಕೆಲ್ಸ ತಕೊಳಿ ಸಾಮಿ. ಇವ್ನು ಸತ್ತೋದ್ರೆ ನಾ ತಡಿಯಾಕಿಲ್ಲ,” ಎಂದು ತಟ್ಟೆಯ ಸಮೇತ ಮಂಚದಡಿ ತೂರಿದ.

“ಲೇ ನಿಂಗ! ಸೊಪ್ಪಿನ್ ಸಾರು ಆರೋಯ್ತದೆ, ಉಣ್ಲಾ ಮುಂಡೇದೇ!”

ಮಂಚದ ಅಲುಗಾಟ ನಿಂತಿತು. ಆಮೇಲೆ ಬಿಕ್ಕುವ ದನಿ: “ಬಂದ್ಯಾ ಸಿದ್ದ? ಮೂರ್ ದಿನದಿಂದ ಎಲ್ಲೋಗಿದ್ಯಲಾ?”

ಮುದ್ದೆ ಮುರಿಯುವ ಸದ್ದು ಕೇಳಿದ ಡಾಕ್ಟರು ಕಣ್ಣೊರೆಸಿಕೊಂಡು, ಬಗ್ಗಿ, ತಮ್ಮ ಜನ್ಮದಲ್ಲೇ ಮೊದಲ ಬಾರಿಗೆ ಪ್ರಯತ್ನಿಸಿದರು: “ತಾವು... ಇನ್ನೊಂಚೂರು ಉಣ್ಲಾ.” ಇಡೀ ವಾರ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಜ್ಞೆಯ ಕಾಗದ ಅಂದೇ ಹರಿದುಹೋಯಿತು.

ಕೆಂಪಸಿದ್ದಯ್ಯನಂಥವರಿಗೆ ಶಿಷ್ಟಾಚಾರ ಏಳೇಳು ಜನ್ಮಕ್ಕೂ ಬರುವುದಿಲ್ಲ, ಸಭೆಗಳಿಗೆ ಅವರನ್ನು ಯಾರೂ ಕರೆಯುವುದೂ ಇಲ್ಲ. ಆದರೆ ಮನುಷ್ಯ ತನ್ನೊಳಗೇ ದಾರಿ ತಪ್ಪಿ ಕೂತಾಗ, ಮನೆಯವರು ಕೂಗುವ ಹೆಸರಿನಿಂದ ಅವನನ್ನು ಕೂಗಿ ಕರೆತರುವುದಕ್ಕೆ ಇಂಥವರೇ ಬೇಕು.