ಎಡಗೈಯ ಮಣ್ಣು

೧೯೩೮ರ ಬೇಸಿಗೆ. ಬೆಳಗಾವಿಯ ಕಾಲೇಜಿನಿಂದ ರಜೆಗೆಂದು ಹುಕ್ಕೇರಿಗೆ ಬಂದಿದ್ದೆ. ಸರಕಾರಿ ಬಂಗಲೆಯಲ್ಲಿ ಮುಕ್ಕಾಂ ಮಾಡಿದ್ದ ಮ್ಯಾಜಿಸ್ಟ್ರೇಟ್ ಸಾಹೇಬರು ಹೊಸಬರು, ಅವರಿಗೆ ಕನ್ನಡ ಬಾರದು. ಅವರ ದುಭಾಷಿಗೆ ಜ್ವರ ಬಂದದ್ದರಿಂದ ನನಗೆ ಹೇಳಿಕಳಿಸಿದರು.

ದಡ್ಡಿ ಎಂಬ ಊರಿನ ಕುರಿಗಾರ ಮಾಳಪ್ಪನ ಮೇಲೆ ಫಿರ್ಯಾದಿ ಬಂದಿತ್ತು. ಹೊಳೆದಂಡೆಯ ಹೊಲದಲ್ಲಿ ಅವನೂ ಗೆಳೆಯ ಲಗಮಪ್ಪನೂ ಹಿಡಿದಾಡಿ, ಲಗಮಪ್ಪನ ಬಲಗೈ ಮುರಿದಿತ್ತು. ಲಗಮಪ್ಪನ ಸೋದರಮಾವ ಕೆಂಚಪ್ಪ ಇಂಗ್ಲಿಷಿನಲ್ಲಿ ಬರೆಸಿದ ಕಾಗದದಲ್ಲಿ ‘ಫೈಟ್’ ಎಂದಿತ್ತು. ಅದೇ ನಿಂತರೆ ಮಾಳಪ್ಪನಿಗೆ ಜೈಲು.

“ಕುಸ್ತಿ ಹಿಡದೇವ್ರಿ, ಬಡಿದಾಡಿಲ್ಲ,” ಎಂದ ಮಾಳಪ್ಪ. ನಾನು ‘ರೆಸ್ಲಿಂಗ್’ ಎಂದೆ.

ಸಾಹೇಬರು ಲೇಖನಿ ಕೆಳಗಿಟ್ಟರು. ಎರಡರಲ್ಲೂ ಇಬ್ಬರು ಹಿಡಿದಾಡುತ್ತಾರೆ, ಒಬ್ಬ ಬೀಳುತ್ತಾನೆ. ಅಲ್ಲಿ ಗರಡಿಯಿಲ್ಲ, ಹಲಗೆ ಬಾರಿಸುವವರಿಲ್ಲ, ನೋಡುವ ಜನರೂ ಇಲ್ಲ. ಹಾಗಾದರೆ ವ್ಯತ್ಯಾಸವೇನು ಎಂದು ನನ್ನನ್ನೇ ಕೇಳಿದರು.

“ಫೈಟಿನಲ್ಲಿ ದ್ವೇಷವಿರುತ್ತದೆ,” ಎಂದೆ.

“ಇವನಲ್ಲಿ ಇರಲಿಲ್ಲವೆಂದು ಹೇಗೆ ನಂಬಲಿ?”

ಗರಡಿಯ ಹೊಸ್ತಿಲನ್ನೇ ದಾಟದ ಹುಡುಗಿ ನಾನು. ಕೆಂಚಪ್ಪನ ಪಕ್ಕದಲ್ಲಿ ಕುಳಿತಿದ್ದ ಲಗಮಪ್ಪನ ಕಡೆ ತಿರುಗಿದೆ. “ಅವತ್ತ ಹೆಂಗ ಶುರು ಮಾಡಿದ್ರಿ? ಹಂಗ ಮಾಡಿ ತೋರಸ್ರಿ.”

ಅವನು ಎದ್ದ. ಮುರಿದ ಕೈ ಕೊರಳ ಜೋಳಿಗೆಯಲ್ಲಿತ್ತು. ಅಂಗಳಕ್ಕಿಳಿದು ಬಾಗಿ, ಎಡಗೈಯಲ್ಲಿ ಒಂದು ಹಿಡಿ ಮಣ್ಣೆತ್ತಿ ಮಾಳಪ್ಪನ ಮುಂದೆ ಚಾಚಿದ. ಮಾಳಪ್ಪ ಬೊಗಸೆಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿದ. ಅರ್ಧ ಮಣ್ಣನ್ನು ಗೆಳೆಯನ ಅಂಗೈಗೆ ಮರಳಿ ಹಾಕಿದ. ಆಮೇಲೆ, ಯಾರೂ ಹೇಳದೆಯೇ, ಸಡಿಲಾಗಿದ್ದ ಜೋಳಿಗೆಯ ಗಂಟನ್ನು ಬಿಗಿಮಾಡಿದ.

 

“ಕೈ ಮುರದಾಂವಗ ಮಣ್ಣ ಕೊಡತಿ, ನಾಚಿಕಿ ಇಲ್ಲೇನಲೇ?” ಕೆಂಚಪ್ಪ ಒದರಿದ.

“ಕೈ ಮುರದೈತಿ ಮಾವಾ, ದೋಸ್ತಿ ಮುರದಿಲ್ಲ.”

ಅಂದೂ ಹೀಗೆಯೇ ಮಣ್ಣು ಕೊಟ್ಟಿದ್ದರೇ ಎಂದು ಸಾಹೇಬರು ನನ್ನಿಂದ ಕೇಳಿಸಿದರು. ಲಗಮಪ್ಪ ಅವರನ್ನೇ ವಿಚಿತ್ರವಾಗಿ ನೋಡಿದ.

“ಮಣ್ಣ ಕೊಡದ ಕುಸ್ತಿ ಹೆಂಗ ಹಿಡೀತಾರ್ರಿ ಸಾಹೇಬ್ರ?”

ನಾನು ಅದನ್ನು ಇಂಗ್ಲಿಷಿಗೆ ತಂದೆ. ಸಾಹೇಬರು ಫಿರ್ಯಾದಿಯ ಕಾಗದವನ್ನು ಮುಂದೆಳೆದುಕೊಂಡರು. ಅದರಲ್ಲಿನ ಒಂದು ಶಬ್ದ ಹೊಡೆದುಹಾಕಿ, ಅದರ ಮೇಲೆ ಇನ್ನೊಂದನ್ನು ಬರೆದು ಸಹಿ ಮಾಡಿದರು.

ಗೆಳೆಯರಿಬ್ಬರೂ ದಡ್ಡಿಯ ದಾರಿ ಹಿಡಿದರು. ಅಂದು ಸಂತೆ, ರಸ್ತೆಯ ತುಂಬ ಗಾಡಿ, ಜನ. ಮಾಳಪ್ಪ ಗೆಳೆಯನ ಬಲಕ್ಕೇ ನಡೆಯುತ್ತಿದ್ದ, ಆ ಕೈಗೆ ಯಾರೂ ತಾಗದ ಹಾಗೆ.