ಸಾರ್ವಜನಿಕರ ಬಾಗಿಲು

"ನಿನ್ನ ಮೂತಿ ನೋಡ್ಕೊಂಡಿದ್ದೀಯೇನೇ? ಮೈಕ್ ಒರೆಸು ಅಂದ್ರೆ ಮಾತಾಡೋಕೇ ನಿಂತ್ಬಿಟ್ಳು, ಹಲ್ಕಾ ಮುಂಡೆ. ಹೋಗು, ಆ ಕಟ್ಕೊಂಡಿರೋ ಕಕ್ಕಸು ತೊಳಿ."

ಪುರಸಭೆಯ ಅಧ್ಯಕ್ಷ ಇದನ್ನು ಸದಸ್ಯರೆಲ್ಲರ ಎದುರಿಗೇ ಹೇಳಿದ. ಅವರು ಹಲ್ಲು ಕಿರಿದರು. ಬೀಗದಕ್ಕ ಸೋಪು, ಬಟ್ಟೆ ಎತ್ತಿಕೊಂಡಳು. ಇಪ್ಪತ್ತೆರಡು ವರ್ಷದಿಂದ ಆ ಸಭಾಂಗಣದ ಬೀಗ ತೆಗೆದು, ಕುರ್ಚಿ ಹಾಕಿ, ನೆಲ ಒರೆಸಿ, ಎಲ್ಲರೂ ಹೋದಮೇಲೆ ಮತ್ತೆ ಬೀಗ ಹಾಕುತ್ತಿದ್ದವಳು ಅವಳೇ. ಹೆತ್ತವರಿಟ್ಟ ಹೆಸರು ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

ಅವಳು ಹೇಳಹೊರಟಿದ್ದಾದರೂ ಏನು? ಪುರಸಭೆಯ ಸಾಲುಮನೆಗಳ ಬಾಡಿಗೆಯನ್ನು ಎರಡರಷ್ಟು ಮಾಡುವ ವಿಷಯ ಅಂದು ಸಭೆಗೆ ಬಂದಿತ್ತು. ಬೀದಿ ಗುಡಿಸುವವರು, ಊರವರ ಬಟ್ಟೆ ಒಗೆಯುವವರು, ಆಸ್ಪತ್ರೆಯಲ್ಲಿ ರೋಗಿಗಳ ಮೈ ಒರೆಸುವವರು ಇರುವ ಸಾಲು ಅದು. ಅವಳದ್ದೂ ಅಲ್ಲೇ ಒಂದು ಕೋಣೆ. ಅದರಲ್ಲಿ ಹಾಸಿಗೆ ಹಿಡಿದ ಅತ್ತೆ, ಬಟ್ಟೆ ಒಗೆಯುವ ಕೆಲಸದ ನಾದಿನಿ. ಬಾಡಿಗೆ ಏರಿದರೆ ಮೂವರೂ ಊರಾಚೆ ಹೋಗಿ ಬೀಳಬೇಕು. ಎರಡು ಬಸ್ಸು ಹತ್ತಿ ಬಂದು ದುಡಿಯುತ್ತ ಕೂತರೆ ಮಧ್ಯಾಹ್ನ ಮುದುಕಿಯ ಒದ್ದೆ ಬಟ್ಟೆ ಬದಲಿಸುವವರು ಯಾರು? ಕೇಳಬೇಕೆಂದಿದ್ದದ್ದು ಇಷ್ಟೇ.

ಆಕ್ಷೇಪಣೆ ಇರುವವರು ಬೆಳಿಗ್ಗೆಯೇ ಬಂದು ಚೀಟಿ ಕೊಟ್ಟಿರಬೇಕಂತೆ. ದುಡಿಯುವವರಿಗೆ ಬೆಳಿಗ್ಗೆ ಎಲ್ಲಿಯ ಪುರುಸೊತ್ತು? ಕೆಲಸ ಬಿಟ್ಟು ಏದುಸಿರು ಬಿಡುತ್ತ ಓಡಿಬಂದ ನಲವತ್ತು ಜನರನ್ನು ಅಧ್ಯಕ್ಷ ವರಾಂಡದಲ್ಲೇ ನಿಲ್ಲಿಸಿದ. ಮುಂದೆಯೇ ನಿಂತಿದ್ದ ನಾದಿನಿಯ ಬೆರಳುಗಳು ಇನ್ನೂ ನೀರಿಗೆ ಸುಕ್ಕುಗಟ್ಟಿದ್ದವು. ಅವರು ನೋಡುತ್ತಿದ್ದಂತೆಯೇ, ಆಕ್ಷೇಪಣೆ ಒಂದೂ ಬಂದಿಲ್ಲ ಎಂದು ಗುಮಾಸ್ತನ ಕೈಲಿ ಬರೆಸಿದ. ಎಂಥ ನಾಲಿಗೆಯಪ್ಪಾ ಅದು!

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಹೊಸ ಬಾಡಿಗೆಗೆ ಅಂದೇ ಕೊನೆಯ ದಿನ; ಐದು ಗಂಟೆಯೊಳಗೆ ಮಂಜೂರಾಗದಿದ್ದರೆ ಇಡೀ ವರ್ಷ ಹಳೆಯದೇ.

ಬೀಗದಕ್ಕನಿಗೆ ಇನ್ನೊಂದು ನಿಯಮವೂ ಗೊತ್ತಿತ್ತು. ಸದಸ್ಯರು ಕೈ ಎತ್ತುವಾಗ ಸಾರ್ವಜನಿಕರ ಬಾಗಿಲು ತೆರೆದಿರಬೇಕು. ಇಲ್ಲದಿದ್ದರೆ ತೀರ್ಮಾನ ನಿಲ್ಲುವುದಿಲ್ಲ. ಮೂರು ವರ್ಷದ ಹಿಂದೆ, ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆಂದು, ಅಭ್ಯಾಸಬಲದಿಂದ ಬೀಗ ತಿರುಗಿಸಿಬಿಟ್ಟಿದ್ದಳು. ಅಧ್ಯಕ್ಷನ ಭಾವಮೈದುನನಿಗೆ ಮಳಿಗೆ ಕೊಡುವ ತೀರ್ಮಾನ ಅದರಿಂದ ಬಿದ್ದುಹೋಯಿತು. ಅಧ್ಯಕ್ಷ ಅವಳನ್ನು ಇದೇ ಸಭೆಯಲ್ಲಿ ನಿಲ್ಲಿಸಿ, ನಾನು ದಡ್ಡಿ, ನನಗೆ ಬುದ್ಧಿಯಿಲ್ಲ ಎಂದು ಹತ್ತು ಸಲ ಹೇಳಿಸಿದ್ದ. ಹೇಳಿದ್ದಳು. ಅಂದು ಹೊಟ್ಟೆಗೆ ಬಿದ್ದ ಬೆಂಕಿ ಇನ್ನೂ ಆರಿರಲಿಲ್ಲ.

"ಒಪ್ಪಿಗೆ ಇರೋರು ಕೈ ಎತ್ತಿ" ಎಂದ ಅಧ್ಯಕ್ಷ.

ಬೀಗದಕ್ಕ ವರಾಂಡದ ಕಡೆಗಿದ್ದ ಸಾರ್ವಜನಿಕರ ಗಾಜಿನ ಬಾಗಿಲಿಗೆ ಹೋದಳು. ನಾದಿನಿಯ ಮುಖವನ್ನೊಮ್ಮೆ ನೋಡಿ, ಬಾಗಿಲೆಳೆದು ಒಳಗಿನಿಂದ ಬೀಗ ತಿರುಗಿಸಿದಳು. ಇನ್ನು ಈ ಕೆಲಸ ಇಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ತಿರುಗಿಸಿದಳು. ಒಳಗೆ ಕೈಗಳೆಲ್ಲ ಮೇಲೆದ್ದಿದ್ದವು. ಹೊರಗೆ ನಲವತ್ತು ಜನ ಗಾಜು ಬಡಿಯತೊಡಗಿದರು. ಗುಮಾಸ್ತ ಪೆನ್ನು ಕೆಳಗಿಟ್ಟ.

ಅಧ್ಯಕ್ಷ ಎದ್ದುಬರುವಷ್ಟರಲ್ಲಿ ಅವಳು ಪಕ್ಕದ ಕಕ್ಕಸಿನ ಒಳಗಿದ್ದಳು. ಕೀಲಿ ಎಡಮುಷ್ಟಿಯಲ್ಲಿತ್ತು. ಕಟ್ಟಿಕೊಂಡು ತುಂಬಿದ್ದ ಕಮೋಡಿಗೆ ಬಲಗೈಯಿಂದ ಸೋಪಿನ ಚೂರು ಹಾಕಿದಳು. ಬುಳುಕ್ ಎಂದಿತು.

"ಕೀಲಿ ಎಲ್ಲೇ?"

"ಕೈ ಜಾರ್ತು ಸಾರ್. ನಾನು ದಡ್ಡಿ ಅಲ್ವಾ."

"ತೆಗಿಯೇ ಸೂಳೆಮುಂಡೆ!"

"ತೆಗಿಯಲ್ಲ. ನಿನ್ನ ಕೆಲಸ ಬಿಟ್ಟೆ ನಾನು. ಬೇಕಾದ್ರೆ ನೀನೇ ಕೈ ಹಾಕು."

ಇನ್ನೊಂದು ಕೀಲಿ ಕಳೆದು ವರ್ಷವಾಗಿತ್ತು. ಮಾಡಿಸಿಕೊಡಿ ಎಂದು ಅವಳು ಕೊಟ್ಟಿದ್ದ ಅರ್ಜಿ ಅವನ ಮೇಜಿನಲ್ಲೇ ಕೊಳೆಯುತ್ತಿತ್ತು. ಅಧ್ಯಕ್ಷ ಗುಮಾಸ್ತನಿಗೆ ಕೈ ಹಾಕಲು ಹೇಳಿದ. ಬೆರಳಿಗೆ ಗಾಯವಾಗಿದೆ ಎಂದು ಗುಮಾಸ್ತ ಜಾರಿಕೊಂಡ. ಸದಸ್ಯರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಐದಕ್ಕೆ ಮೂರು ನಿಮಿಷವಿದೆ ಸಾರ್, ಈಗ ತೆಗೆದರೆ ಇನ್ನೊಮ್ಮೆ ಕೈ ಎತ್ತಿಸಬಹುದು ಎಂದು ಅವರಲ್ಲೊಬ್ಬ ದೂರದಿಂದಲೇ ಹೇಳಿದ.

ಅಧ್ಯಕ್ಷ ಕೋಟು ಕಳಚಿದ. ತೋಳು ಮಡಿಸಿ, ಮಂಡಿಯೂರಿ, ಮುಖ ಆಚೆ ತಿರುಗಿಸಿಕೊಂಡು ಕೈ ಇಳಿಸಿದ. ಓಕರಿಕೆ ಬಂತು. ಅವಳು ಬಾಗಿಲಿಗೊರಗಿ ನಿಂತು ಕಣ್ತುಂಬ ನೋಡಿದಳು.

"ಇನ್ನೂ ಒಳಗೆ ಹಾಕು. ನಾನು ದಿನಾ ಹಾಕ್ತಿದ್ದೆ."

ಮೊಣಕೈವರೆಗೆ ಹೋಯಿತು. ಸಭಾಂಗಣದ ಗಡಿಯಾರ ಐದು ಹೊಡೆಯುವಾಗಲೂ ಅವನು ಹೇಲಿನಲ್ಲಿ ತಡಕಾಡುತ್ತಲೇ ಇದ್ದ.

ಬೀಗದಕ್ಕ ಮುಷ್ಟಿ ಬಿಚ್ಚಿ ಕೀಲಿ ತೋರಿಸಿದಳು. ಆಮೇಲೆ ಹೋಗಿ ಬಾಗಿಲು ತೆಗೆದು, ಒಳಗೆ ನುಗ್ಗಿದ ನಲವತ್ತು ಜನಕ್ಕೂ ಕಕ್ಕಸಿನ ದಾರಿ ತೋರಿಸಿದಳು.